ನೆಪ್ಚೂನಿಗೆ ಹೋದ ನೌಕೆ, ಪಕೋಯ್ಮಾಕ್ಕೆ ಬಂದ ಕುರ್ಚಿ

ದೂರದ ಗ್ರಹಗಳಿಗೆ ನೌಕೆಗಳ ದಾರಿ ಹಾಕುವವರು ಲಾಸ್ ಏಂಜಲಿಸ್ ಬಳಿಯ ನಮ್ಮ ಬೆಟ್ಟದ ಬುಡದ ಪ್ರಯೋಗಾಲಯದಲ್ಲಿ ನೂರಾರು ಮಂದಿ ಇದ್ದಾರೆ. ಗಣಿತ ಕಲಿಸುವವರನ್ನು ತಯಾರು ಮಾಡುವವರು ಈ ಕಣಿವೆಯಲ್ಲಿ ಅದಕ್ಕಿಂತ ಬಹಳ ಕಡಿಮೆ. ಈ ಎರಡೂ ಕಸುಬುಗಳಲ್ಲಿ ಹೆಸರು ಮಾಡಿದವರು, ನಾನು ತಿಳಿದ ಮಟ್ಟಿಗೆ, ಒಬ್ಬರೇ: ಬರುವ ಜೂನ್ ತಿಂಗಳಲ್ಲಿ ನಮ್ಮ ಕಾಲೇಜಿನ ಶಿಕ್ಷಕರ ತರಬೇತಿ ವಿಭಾಗದಿಂದ ನಿವೃತ್ತರಾಗುತ್ತಿರುವ, ಅದೇ ತಿಂಗಳು ಎಪ್ಪತ್ತೈದು ತುಂಬುತ್ತಿರುವ ಡಾ. ಅರಾಕ್ಸಿ ತೆರ್ಜಿಯಾನ್ ಅವರು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ, ಹತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಅವರು ಸಲ್ಲಿಸಿದ ಸೇವೆಯನ್ನು ಎರಡೂ ಕಡೆಯವರು ತಮ್ಮದೆಂದು ಹೇಳಿಕೊಳ್ಳುತ್ತಾರೆ. ಈ ಅಭಿನಂದನ ಸಂಪುಟದ ಮುಖಪುಟದಲ್ಲಿ ನೌಕೆಯ ಚಿತ್ರ ಹಾಕಬೇಕೋ ಕರಿಹಲಗೆಯ ಚಿತ್ರ ಹಾಕಬೇಕೋ ಎಂದು ಎರಡು ಸಭೆಗಳಲ್ಲಿ ಜಗಳವಾಗಿದೆ ಎಂದು ಕೇಳಿದ್ದೇನೆ.

ಸಂಪಾದಕ ಮಂಡಳಿಯವರು ನನಗೆ ಬರೆದ ಪತ್ರದಲ್ಲಿ, ಲೇಖನ ಗಂಭೀರವಾಗಿರಲಿ, ವೈಯಕ್ತಿಕ ಪ್ರಸಂಗಗಳು ಮಿತವಾಗಿರಲಿ ಎಂದು ಸೂಚಿಸಿದ್ದಾರೆ. ಮೊದಲನೆಯದಕ್ಕೆ ಪ್ರಯತ್ನಿಸುತ್ತೇನೆ. ಎರಡನೆಯದು ನನ್ನಿಂದ ಆಗದ ಮಾತು. ಅವರು ಮಾಡಿದ ಉಪಕಾರ ಇಲ್ಲದಿದ್ದರೆ ಗ್ರಾಸಿಯೆಲಾ ಮೊಂತಿಹೊ ಎಂಬ ಈ ಶಿಕ್ಷಕಿ ಪಕೋಯ್ಮಾ ಬಡಾವಣೆಯ ಶಾಲೆಯ ಏಳನೇ ತರಗತಿಯಲ್ಲಿ ಗಣಿತ ಹೇಳುವ ಬದಲು ಇವತ್ತಿಗೂ ಅದೇ ಪಕೋಯ್ಮಾದಲ್ಲಿ ತನ್ನ ಸೋದರಮಾವನ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದಳು. ನಾದುವುದು ಕೀಳು ಕೆಲಸವೆಂದು ಹೇಳುತ್ತಿಲ್ಲ. ಮಾವ ಈ ಲೇಖನ ಓದುತ್ತಾನೆ.

ಡಾ. ತೆರ್ಜಿಯಾನ್ ಅವರು ಹುಟ್ಟಿದ್ದು ಬೈರೂತಿನ ಬುರ್ಜ್ ಹಮ್ಮೂದಿನಲ್ಲಿ, ಅರ್ಮೇನಿಯನ್ನರ ಕೇರಿಯಲ್ಲಿ. ತಂದೆಯದು ಚಪ್ಪಲಿ ಹೊಲಿಯುವ ಅಂಗಡಿ. ಊರಿನಲ್ಲಿ ಅಂತರ್ಯುದ್ಧ ಶುರುವಾದಾಗ ಗಣಿತದ ಪದವಿಯ ಕಾಗದವೊಂದನ್ನು, ಕಾಫಿ ಕುದಿಸುವ ತಾಮ್ರದ ಹಿಡಿಪಾತ್ರೆಯೊಂದನ್ನು ಹಿಡಿದುಕೊಂಡು ಗ್ಲೆಂಡೇಲಿನಲ್ಲಿದ್ದ ಅಕ್ಕನ ಮನೆಗೆ ಬಂದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಪ್ರಯೋಗಾಲಯದಲ್ಲಿ ಲೆಕ್ಕ ಹಾಕುವ ಸಹಾಯಕಿಯಾಗಿ ಸೇರಿ, ಕೆಲಸ ಮಾಡುತ್ತಲೇ ಡಾಕ್ಟರೇಟ್ ಮುಗಿಸಿ, ಮೂವತ್ತೈದರ ಹೊತ್ತಿಗೆ ದಾರಿ ಹಾಕುವ ತಂಡದಲ್ಲಿ ಮುಖ್ಯರಲ್ಲೊಬ್ಬರಾದರು. ಆ ಹಿಡಿಪಾತ್ರೆ ಈಗಲೂ ಇದೆ. ಅದರಲ್ಲಿ ಕಾಫಿ ಕುದಿಸಿ ಕೊಟ್ಟು, ಕುಡಿದ ಮೇಲೆ ಬಟ್ಟಲು ಕವುಚಿ, ತಳದ ಗಸಿಯಲ್ಲಿ ಭವಿಷ್ಯ ನೋಡುವುದು ಅವರ ಮನೆತನದ ರೂಢಿ. ಗ್ರಹಗಳ ನಡೆಯನ್ನು ಸೆಕೆಂಡಿನ ಭಾಗದವರೆಗೆ ಲೆಕ್ಕ ಹಾಕಬಲ್ಲ ಈ ಹೆಂಗಸು ಪರೀಕ್ಷೆಯ ಹಿಂದಿನ ದಿನ ನಮ್ಮೆಲ್ಲರ ಬಟ್ಟಲು ನೋಡಿ ಪ್ರತಿಸಲವೂ ಹೇಳುತ್ತಿದ್ದದ್ದು ಒಂದೇ ಮಾತು: "ದಾರಿ ಇದೆ ಹೋಕಿಸ್. ಸುತ್ತು ದಾರಿ, ಆದ್ರೆ ಇದೆ." ಹೋಕಿಸ್ ಎಂದರೆ ಅವರ ಭಾಷೆಯಲ್ಲಿ ನನ್ನ ಜೀವವೇ ಎಂದು. ಪ್ರಾಂಶುಪಾಲರಿಂದ ಹಿಡಿದು ಕಾರು ನಿಲ್ಲಿಸಿದ್ದಕ್ಕೆ ದಂಡದ ಚೀಟಿ ಅಂಟಿಸುವವನವರೆಗೆ ಎಲ್ಲರೂ ಅವರಿಗೆ ಹೋಕಿಸ್.

ಸುತ್ತು ದಾರಿ ಎಂಬುದು ಅವರ ಬಾಯಲ್ಲಿ ಬರೀ ಸಮಾಧಾನದ ಮಾತಲ್ಲ, ಕಸುಬಿನ ಮಾತು. ನೆಪ್ಚೂನಿಗೆ ನೆಟ್ಟಗೆ ಹೋಗುವಷ್ಟು ಇಂಧನ ಯಾವ ನೌಕೆಗೂ ಹೊರಲಾಗದು. ಹೊರಗೆ ಹೋಗಬೇಕಾದದ್ದು ಮೊದಲು ಒಳಗೆ, ಶುಕ್ರನ ಕಡೆಗೆ ಹೋಗಬೇಕು. ಅದರ ಪಕ್ಕದಲ್ಲಿ ಹಾಯ್ದು ಅದರ ಸೆಳೆತದಿಂದ ವೇಗ ಗಿಟ್ಟಿಸಿಕೊಂಡು, ಮತ್ತೆ ಭೂಮಿಯ ಬಳಿ ಬಂದು, ಆಮೇಲೆ ಗುರುವಿನಿಂದ ಇನ್ನಷ್ಟು ವೇಗ ಪಡೆದು ಹೊರಡಬೇಕು. ಹೀಗೆ ಅವರ ತಂಡ ಹತ್ತು ವರ್ಷ ಕೂತು ಹಾಕಿದ ದಾರಿಯ ಉದ್ದ ಹತ್ತೊಂಬತ್ತು ವರ್ಷ. ಅಷ್ಟು ವರ್ಷ ಹೋಗಿ ನೌಕೆ ಆ ಗ್ರಹದ ಉಪಗ್ರಹವೊಂದರ ಪಕ್ಕದಲ್ಲಿ ಹಾಯುವುದು ಕೆಲವೇ ನಿಮಿಷ. ಆಗ ಕ್ಯಾಮೆರಾ ಸರಿಯಾದ ಕಡೆಗೆ ತಿರುಗಿರಬೇಕು. ಇನ್ನೊಂದು ಸಲ ಹಿಂದಕ್ಕೆ ಬಂದು ನೋಡುವ ಮಾತೇ ಇಲ್ಲ.

ಅವರ ಯೋಜನಾ ಕೋಣೆಯಲ್ಲಿ ಎರಡು ವಸ್ತುಗಳಿದ್ದವು. ಒಂದು, ಗೋಡೆಗೆ ಅಂಟಿಸಿದ ಉದ್ದನೆಯ ಕಾಗದ. ಅದರಲ್ಲಿ ನೌಕೆ ತಲುಪುವ ದಿನಾಂಕ, ಅದರ ಕೆಳಗೆ ತಂಡದ ಒಬ್ಬೊಬ್ಬರ ಹೆಸರು, ಹೆಸರಿನ ಮುಂದೆ ಆ ದಿನ ಅವರಿಗೆ ಆಗಿರುವ ವಯಸ್ಸು. ತಮ್ಮ ತಮ್ಮ ವಯಸ್ಸನ್ನು ತಾವೇ ಬರೆಯಬೇಕೆಂಬುದು ಅಲ್ಲಿಯ ಪದ್ಧತಿ. ದೂರದ ಗ್ರಹಕ್ಕೆ ದಾರಿ ಹಾಕುವವರಿಗೆ ಈ ಕೆಲಸ ತಮ್ಮ ಕೈಯಲ್ಲಿ ಮುಗಿಯುವುದಲ್ಲ ಎಂಬುದು ದಿನಾ ಕಣ್ಣಿಗೆ ಬೀಳುತ್ತಿರಬೇಕಂತೆ. ಅರಾಕ್ಸಿ ಅವರ ಮುಂದೆ ಎಪ್ಪತ್ತೈದು ಎಂದಿತ್ತು. ತಂಡದ ಹಿರಿಯ ವೆಂಡೆಲ್ ಸ್ಟ್ರೌಡ್ ಅವರು ತಮ್ಮ ಹೆಸರಿನ ಮುಂದೆ ಅಂಕಿ ಬರೆಯದೆ "ಇರಲ್ಲ, ಆದ್ರೆ ಫೋನ್ ಮಾಡಿ" ಎಂದು ಬರೆದಿದ್ದರು.

ಎರಡನೆಯದು ಕುರ್ಚಿ. ಹಸಿರು ಬಣ್ಣದ್ದು, ಸೀಟಿನ ರೆಕ್ಸಿನ್ ಹರಿದದ್ದು, ಒಂದು ಕಾಲು ಗಿಡ್ಡ. ಇದನ್ನು ಅಲ್ಲಿಯವರು "ಯಾಕೆ ಕುರ್ಚಿ" ಎನ್ನುತ್ತಿದ್ದರು. ಯಾವ ಯೋಜನೆಗೂ ಮೊಹರು ಬೀಳುವ ಮೊದಲು ತಂಡಕ್ಕೆ ಸೇರದ ಒಬ್ಬರನ್ನು ಕರೆತಂದು ಆ ಕುರ್ಚಿಯಲ್ಲಿ ಕೂರಿಸಿ, ಇಡೀ ಲೆಕ್ಕವನ್ನು ಅವರಿಗೆ ಸಾಲು ಸಾಲಾಗಿ ವಿವರಿಸಬೇಕು. ಕೂತವರು ಒಂದು ಸಾಲಿನ ಮೇಲೆ ಬೆರಳಿಟ್ಟು "ಯಾಕೆ?" ಎನ್ನಬಹುದು. ಬೇರೆ ಮಾತಾಡುವಂತಿಲ್ಲ. ನಿಂತವರು ಉತ್ತರ ಹೇಳಲೇಬೇಕು. "ಅದು ಹಾಗೇ" ಎಂದರೆ ಯೋಜನೆ ವಾಪಸ್ಸು. ಸ್ಟ್ರೌಡ್ ಅವರು ಮಾಡಿದ ಕಟ್ಟಳೆ ಇದು. ದೊಡ್ಡ ದೊಡ್ಡ ವಿದ್ವಾಂಸರು ಆ ಮುರುಕು ಕುರ್ಚಿಗೆ ಹೆದರುತ್ತಿದ್ದರು.

ಈ ಕುರ್ಚಿಯ ಮುಂದೆ ತಮಗೆ ಆದ ಮುಖಭಂಗವನ್ನು ಡಾ. ತೆರ್ಜಿಯಾನ್ ಅವರು ಪ್ರತಿವರ್ಷ ಹೊಸ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುತ್ತಿದ್ದರು. ಅದು ನೆಪ್ಚೂನಿನ ಯೋಜನೆಗೆ ಬಹಳ ಮೊದಲು, ಶನಿಯ ಕಡೆ ಹೊರಟಿದ್ದ ಬೇರೊಂದು ನೌಕೆಯ ಕತೆ. ಶನಿಯಿಂದ ಬೆಳಕು ನಮಗೆ ಬಂದು ಮುಟ್ಟಲು ಆಗ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ನೌಕೆ ಒಂದು ಉಪಗ್ರಹವನ್ನು ಹಾಯ್ದ ಸುದ್ದಿ ಇಲ್ಲಿ ತಿಳಿಯುವ ಹೊತ್ತಿಗೆ ಅಲ್ಲಿ ಅದು ಅಷ್ಟು ಮುಂಚೆಯೇ ಆಗಿಹೋಗಿರುತ್ತದೆ. ಕ್ಯಾಮೆರಾಗೆ ಆಜ್ಞೆ ಬರೆಯುವಾಗ ಇಲ್ಲಿಯ ಗಡಿಯಾರದಿಂದ ಆ ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ ಕಳೆಯಬೇಕು. ಅರಾಕ್ಸಿ ಕಳೆದಿದ್ದರು. ನಾಲ್ಕು ಜನ ಪರಿಶೀಲಿಸಿ ಸಹಿ ಹಾಕಿದ್ದರು. ಆ ದಿನ ಕುರ್ಚಿಯಲ್ಲಿ ಕೂತವರು ಟೈಪಿಂಗ್ ವಿಭಾಗದ ನಡೀನ್ ಪ್ರೂಯಿಟ್ ಎಂಬಾಕೆ. ಆಕೆ ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಯಾಕೆ?"

"ಬೆಳಕು ಬರೋಕೆ ಅಷ್ಟು ಹೊತ್ತು ಬೇಕು, ಅದಕ್ಕೆ ಕಳೆದಿದೀವಿ," ಎಂದರು ಅರಾಕ್ಸಿ.

ನಡೀನ್ ತಲೆಯಾಡಿಸಿ, ಬೆರಳನ್ನು ಎರಡು ಸಾಲು ಮೇಲಕ್ಕೆ ಸರಿಸಿದರು. "ಯಾಕೆ?"

"ಬೆಳಕು ಬರೋಕೆ..." ಎಂದು ಶುರು ಮಾಡಿದ ಅರಾಕ್ಸಿ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಮೇಲಿನ ಸಾಲಿನಲ್ಲಿ ಆ ಕಾಲವನ್ನು ಬೇರೆ ವಿಭಾಗದವರು ಮೊದಲೇ ಕಳೆದು ಕೊಟ್ಟಿದ್ದರು. ಅರಾಕ್ಸಿ ಎರಡನೇ ಸಲ ಕಳೆದಿದ್ದರು. ಹಾಗೆಯೇ ಹೋಗಿದ್ದರೆ ಕ್ಯಾಮೆರಾ ಒಂದೂಕಾಲು ಗಂಟೆಗೂ ಮೊದಲೇ ಕಣ್ಣು ತೆರೆದು, ಏನೂ ಇಲ್ಲದ ಕತ್ತಲಿನ ಚಿತ್ರಗಳನ್ನು ಬಹಳ ಚೆನ್ನಾಗಿ ತೆಗೆದು ಕಳಿಸುತ್ತಿತ್ತು. ಗಡಿಯಾರಗಳ ಮಧ್ಯೆ ಬದುಕುವವರು ಮಾತ್ರ ಮಾಡಬಲ್ಲ ತಪ್ಪು ಇದು. ನಾವು ನೀವು ಮಾಡಲು ಹೊರಟರೂ ಆಗದು. "ನಾಲ್ಕು ಜನ ಬುದ್ಧಿವಂತರಿಗೆ ಕಾಣದ್ದು ನಡೀನ್‌ಗೆ ಕಂಡದ್ದು ಹೇಗೆ ಗೊತ್ತಾ?" ಎಂದು ಕೇಳಿ, ಅವರೇ ಉತ್ತರವನ್ನೂ ಕೊಡುತ್ತಿದ್ದರು. "ಆಕೆಗೆ ಕೇಳೋಕೆ ನಾಚಿಕೆ ಇರಲಿಲ್ಲ. ನಮಗೆ ಇತ್ತು."

ನೆಪ್ಚೂನಿನ ನೌಕೆ ಹಾರಿದ ದಿನ ಅರಾಕ್ಸಿ ಅವರಿಗೆ ಐವತ್ತಾರು. ಎಲ್ಲರೂ ಹೊರಗೆ ಕೇಕು ಕತ್ತರಿಸುತ್ತಿದ್ದಾಗ ಅವರು ಆ ಗೋಡೆಯ ಕಾಗದದ ಮುಂದೆ ನಿಂತು, ಕಡೆಯ ಹೆಸರಿನ ಕೆಳಗೆ ಇನ್ನೊಂದು ಸಾಲು ಬರೆದರಂತೆ: "ಆ ದಿನ ಕ್ಯಾಮೆರಾ ನೋಡಿಕೊಳ್ಳುವವರು. ಹೆಸರು:" ಎಂದು ಬರೆದು ಮುಂದೆ ಜಾಗ ಬಿಟ್ಟು, "ಈಗ ವಯಸ್ಸು ಒಂಬತ್ತು ಇರಬಹುದು" ಎಂದು ಸೇರಿಸಿದರು. ಬರೆದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಆ ಒಂಬತ್ತು ವರ್ಷದ ಮಗು ಯಾವುದೋ ಶಾಲೆಯಲ್ಲಿ ಈಗಲೇ ಕೂತಿದೆ. ಅದು ಯಾಕೆ ಎಂದು ಕೇಳಿದರೆ ಅಲ್ಲಿ ಉತ್ತರ ಹೇಳುವವರು ಯಾರಾದರೂ ಇದ್ದಾರೆಯೇ? ಹತ್ತಿರದ ಶಾಲೆಯೊಂದಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ನೋಡಿದರು. ಶಿಕ್ಷಕರು ಒಳ್ಳೆಯವರೇ. ಮಗುವೊಂದು ಕೈಯೆತ್ತಿ ಯಾಕೆ ಎಂದಿತು. "ಅದು ನಿಯಮ ಮಗೂ, ಬರ್ಕೋ," ಎಂದರು ಶಿಕ್ಷಕರು. ಮಗು ಬರೆದುಕೊಂಡಿತು, ಮತ್ತೆ ಕೈಯೆತ್ತಲಿಲ್ಲ. ಮುಂದಿನ ತಿಂಗಳೇ ಅರಾಕ್ಸಿ ರಾಜೀನಾಮೆ ಕೊಟ್ಟರು. ಪ್ರಯೋಗಾಲಯ ಹಳೆಯ ಪೀಠೋಪಕರಣಗಳನ್ನು ಎಸೆಯುತ್ತಿದ್ದ ಸಮಯವದು. ಹಸಿರು ಕುರ್ಚಿಯನ್ನು ಕಾರಿನ ತಲೆಯ ಮೇಲೆ ಹಗ್ಗದಲ್ಲಿ ಕಟ್ಟಿಕೊಂಡು ನಮ್ಮ ಕಾಲೇಜಿಗೆ ಬಂದರು. ಅವರ ಕಾರು ಓಡಿಸುವ ರೀತಿ ಬಲ್ಲವರು ಕುರ್ಚಿ ಇಡಿಯಾಗಿ ಬಂದದ್ದೇ ದೊಡ್ಡದು ಎನ್ನುತ್ತಾರೆ.

ನಾನು ಬಂದದ್ದು ಅದಾದ ಎರಡು ವರ್ಷಕ್ಕೆ. ಆಗ ನನಗೆ ಮೂವತ್ತನಾಲ್ಕು. ಶಾಲೆಯಲ್ಲಿ ಗಣಿತವೆಂದರೆ ನನಗೆ ಬಾಯಿಪಾಠ. ಬಾಯಿಪಾಠ ಚೆನ್ನಾಗಿ ಬರುತ್ತಿದ್ದುದರಿಂದ ನನಗೆ ಗಣಿತ ಬರುತ್ತದೆಂದು ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ. ಕಡೆಯ ಪರೀಕ್ಷೆಯೆಂದರೆ ನಿಜವಾದ ಮಕ್ಕಳ ಮುಂದೆ ಒಂದು ಪಾಠ ಮಾಡುವುದು. ಒಂದು ಸಲ ತಪ್ಪಿದರೆ ಇನ್ನೊಂದು ಅವಕಾಶ. ಎರಡನೆಯದೂ ತಪ್ಪಿದರೆ ಹೆಸರು ಪಟ್ಟಿಯಿಂದ ತೆಗೆಯುತ್ತಾರೆ. ನನ್ನ ಪಾಠ ಭಿನ್ನರಾಶಿಯ ಭಾಗಾಕಾರ. ಭಿನ್ನರಾಶಿಯಿಂದ ಭಾಗಿಸಬೇಕಾದರೆ ಅದನ್ನು ತಲೆಕೆಳಗು ಮಾಡಿ ಗುಣಿಸಿ ಎಂದು ಬಣ್ಣದ ಕಾಗದದಲ್ಲಿ ಅಂದವಾಗಿ ಬರೆದು ತೂಗುಹಾಕಿದ್ದೆ. ಮುಂದಿನ ಸಾಲಿನ ಹುಡುಗಿ ಕೇಳಿದಳು, "ಮಿಸ್, ತಲೆಕೆಳಗು ಯಾಕೆ?" ನಾನು ನಕ್ಕು ಹೇಳಿದೆ, "ಅದು ನಿಯಮ ಕಣಮ್ಮ, ಹಾಗೇ ಮಾಡ್ಬೇಕು." ಹಿಂದೆ ಕೂತಿದ್ದ ಡಾ. ತೆರ್ಜಿಯಾನ್ ಪೆನ್ನು ಮುಚ್ಚಿದ ಸದ್ದು ಮುಂದೆ ನಿಂತಿದ್ದ ನನಗೆ ಕೇಳಿಸಿತು.

ಪಾಠ ಮುಗಿದ ಮೇಲೆ ಅವರು ಹತ್ತಿರ ಬಂದರು. "ನಿನ್ನ ಫೇಲ್ ಮಾಡಿದೀನಿ ಹೋಕಿಸ್. ಯಾಕೆ ಅಂತ ಕೇಳು."

ನಾನು ಕೇಳಲಿಲ್ಲ. ಚೀಲ ತೆಗೆದುಕೊಂಡು ಹೊರಟುಬಿಟ್ಟೆ. ಬಸ್ಸಿನಲ್ಲಿ ಅತ್ತೆ, ಬೈಗುಳದ ಒಂದು ದೊಡ್ಡ ಪಟ್ಟಿಯನ್ನೂ ಮಾಡಿದೆ, ಅದನ್ನು ಅಭಿನಂದನ ಗ್ರಂಥದಲ್ಲಿ ಅಚ್ಚು ಮಾಡಲಾಗದು. ಮೂರು ವಾರ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಮಾವ ಚೇಮಾ ಏನೂ ಕೇಳದೆ ಏಪ್ರನ್ ಕೊಟ್ಟ.

ನಾಲ್ಕನೇ ಭಾನುವಾರ, ಚರ್ಚು ಬಿಟ್ಟ ಮೇಲಿನ ನೂಕುನುಗ್ಗಲು ಕರಗಿದ ಹೊತ್ತಿನಲ್ಲಿ, ಅವರು ಬೇಕರಿಗೆ ಬಂದರು. ಕೈಯಲ್ಲಿ ತಾವೇ ಮಾಡಿದ ಚೋರೆಗ್, ಅಂದರೆ ಅವರ ಕಡೆಯ ಹೆಣೆದ ಸಿಹಿ ಬ್ರೆಡ್ಡು. ಬೇಕರಿಗೆ ಬ್ರೆಡ್ಡು ತಂದವರನ್ನು ಮಾವ ಅದೇ ಮೊದಲು ನೋಡಿದ್ದು.

"ನೀನು ಕೇಳ್ಲಿಲ್ಲ. ಅದಕ್ಕೆ ಹೇಳೋಕೆ ಬಂದೆ," ಎಂದು ಅವರು ನೇರ ಒಳಗೆ ಬಂದು, ಹಿಟ್ಟಿನ ಮೂಟೆಯ ಮೇಲೆ ಕೂತರು.

"ಹೇಳೋದು ಏನೂ ಬೇಡ ಡಾಕ್ಟರ್. ನಂಗೆ ಕೆಲಸ ಇದೆ."

"ಮಾಡು, ಮಾಡು. ಎಷ್ಟು ಹಿಟ್ಟು ಅದು?"

"ಆರು ಪೌಂಡ್."

"ಒಂದು ಉಂಡೆಗೆ?"

"ಮುಕ್ಕಾಲು."

"ಹಾಗಾದ್ರೆ ಎಷ್ಟು ಉಂಡೆ ಆಗತ್ತೆ?"

"ಎಂಟು," ಎಂದೆ. ಹದಿನಾಲ್ಕು ವರ್ಷದಿಂದ ಅದೇ ಉಂಡೆ ಕಟ್ಟುತ್ತಿದ್ದವಳಿಗೆ ಅದು ಲೆಕ್ಕವೇ ಅಲ್ಲ.

"ಯಾಕೆ?"

ನನಗೆ ಸಿಟ್ಟು ಬಂತು. "ಯಾಕೆ ಅಂದ್ರೆ? ಎಂಟೇ ಆಗೋದು. ಬೇಕಾದ್ರೆ ನೋಡಿ!" ಎಂದು ಕತ್ತಿ ತೆಗೆದುಕೊಂಡು ಹಿಟ್ಟನ್ನು ಅವರ ಕಣ್ಣೆದುರೇ ಕತ್ತರಿಸತೊಡಗಿದೆ. ನಮ್ಮಲ್ಲಿ ಮುಕ್ಕಾಲು ಪೌಂಡನ್ನು ನೇರವಾಗಿ ಯಾರೂ ಕತ್ತರಿಸುವುದಿಲ್ಲ. ಮೊದಲು ಒಂದೊಂದು ಪೌಂಡನ್ನೂ ನಾಲ್ಕು ಕಾಲುಗಳಾಗಿ ಮಾಡುತ್ತೇವೆ. ಆಮೇಲೆ ಮೂರು ಮೂರು ಕಾಲು ಸೇರಿಸಿ ಒಂದು ಉಂಡೆ ಕಟ್ಟುತ್ತೇವೆ. ಆರು ಪೌಂಡು, ಇಪ್ಪತ್ತನಾಲ್ಕು ತುಂಡಾಯಿತು.

"ಇಪ್ಪತ್ತನಾಲ್ಕು ಎಲ್ಲಿಂದ ಬಂತು?"

"ಪೌಂಡಿಗೆ ನಾಲ್ಕು. ಆರು ನಾಲ್ಕಲಿ..." ಎನ್ನುತ್ತ ಮೂರು ಮೂರು ತುಂಡು ಗುಡ್ಡೆ ಹಾಕುತ್ತಿದ್ದೆ. "ಈಗ ಮೂರರಿಂದ ಭಾಗ..."

ಕೈ ಅಲ್ಲೇ ನಿಂತಿತು. ನಾಲ್ಕರಿಂದ ಗುಣಿಸಿದೆ, ಮೂರರಿಂದ ಭಾಗಿಸಿದೆ. ಮುಕ್ಕಾಲು ನನ್ನ ಹಲಗೆಯ ಮೇಲೆ ತಾನಾಗಿಯೇ ತಲೆಕೆಳಗಾಗಿತ್ತು. ಹದಿನಾಲ್ಕು ವರ್ಷ ದಿನಾ ಬೆಳಿಗ್ಗೆ ನನ್ನ ಕೈ ಬಲ್ಲದ್ದನ್ನು ನಾನು ಆ ಮಗುವಿಗೆ ನಿಯಮ ಎಂದು ಹೇಳಿ ಬಾಯಿ ಮುಚ್ಚಿಸಿದ್ದೆ.

ನನ್ನನ್ನು ಚೆಲಾ ಎಂದೇ ಕರೆಯುವ ಮಾವ ಬಾಗಿಲಲ್ಲಿ ಇಣುಕಿದ. "ಚೆಲಾ, ಈಯಮ್ಮ ಆಗ್ಲಿಂದ ಯಾಕೆ ಯಾಕೆ ಅಂತಿದಾರಲ್ಲ, ಆರೋಗ್ಯ ಇಲಾಖೆಯೋರಾ?"

"ಅಲ್ಲ ಮಾವ, ನಮ್ಮ ಮೇಡಂ."

"ಹಂಗಾದ್ರೆ ಮೂಟೆ ಮೇಲಿಂದ ಏಳೋಕೆ ಹೇಳು. ಕಪ್ಪು ಬಟ್ಟೆ ಹಾಕ್ಕೊಂಡಿದಾರೆ ಪಾಪ, ಹಿಂದೆಲ್ಲಾ ಬಿಳಿ ಆಗಿರತ್ತೆ."

ಹಿಂದೆಲ್ಲ ಬಿಳಿಯಾಗಿಯೇ ಅವರು ಅವತ್ತು ಗ್ಲೆಂಡೇಲಿಗೆ ವಾಪಸ್ಸು ಹೋದರು. ಹೋಗುವಾಗ ಹೇಳಿದ್ದು ಇಷ್ಟೇ: "ನೌಕೆ ಈಗ ಶುಕ್ರನನ್ನ ದಾಟಿ ಭೂಮಿ ಹತ್ರ ಬರ್ತಿದೆ. ಹೊರಗೆ ಹೋಗೋ ಮೊದ್ಲು ಎಲ್ಲರೂ ಒಂದ್ಸಲ ಮನೆ ಪಕ್ಕದಲ್ಲೇ ಹಾಯ್ದು ಹೋಗ್ತಾರೆ ಹೋಕಿಸ್. ಸೋಮವಾರ ಬಾ."

ಎರಡನೇ ಪಾಠಕ್ಕೆ ನಾನು ಬಣ್ಣದ ಕಾಗದ ಒಯ್ಯಲಿಲ್ಲ, ಹಿಟ್ಟು ಒಯ್ದೆ. ಓಸ್ವಾಲ್ದೊ ಎಂಬ ಹುಡುಗ ಎದ್ದು ಯಾಕೆ ಎಂದ. ಯಾಕೆ ಎಂಬುದು ತಿಳಿದ ಮೇಲೂ ಬಿಡದೆ, ಉಂಡೆ ಐದು ಕಾಲಿನದ್ದಾದರೆ ಎಂದ, ಹಿಟ್ಟು ಉಳಿದರೆ ಎಂದ. ಅವನ ಹಿಂದೆ ಇನ್ನೂ ಆರು ಕೈ ಎದ್ದವು. ಗಂಟೆ ಹೊಡೆದಾಗ ಪಾಠ ಅರ್ಧವೂ ಆಗಿರಲಿಲ್ಲ, ನನ್ನ ಕಣ್ಣಲ್ಲಿ ನೀರಿತ್ತು. ಇನ್ನೊಬ್ಬ ಪರೀಕ್ಷಕರು ಪಾಠ ಅಪೂರ್ಣ ಎಂದು ಬರೆಯಹೊರಟರು. ಡಾ. ತೆರ್ಜಿಯಾನ್ ಹೇಳಿದರು, "ಪಾಠನ ಮಂಗಳವಾರ ಮುಗಿಸ್ತಾಳೆ ಬಿಡಿ. ಆ ಹುಡುಗನ ಪ್ರಶ್ನೆ ಮಂಗಳವಾರದವರೆಗೆ ಬದುಕಿರ್ತಿತ್ತಾ?" ನಾನು ಪಾಸಾದೆ.

ಇಂಥ ಲೇಖನಗಳಲ್ಲಿ ಓಸ್ವಾಲ್ದೊ ಮುಂದೆ ದೊಡ್ಡ ವಿಜ್ಞಾನಿಯಾದ ಎಂದು ಬರಬೇಕು. ಆಗಲಿಲ್ಲ. ಸನ್ ವ್ಯಾಲಿಯಲ್ಲಿ ಲಾರಿಗಳ ಎ.ಸಿ. ರಿಪೇರಿ ಮಾಡುತ್ತಾನೆ, ಗಿರಾಕಿಗಳಿಗೆ ಇದು ಯಾಕೆ ಕೆಟ್ಟಿತು ಎಂದು ವಿವರಿಸಿ ತಲೆ ತಿನ್ನುತ್ತಾನೆ. ನಮ್ಮ ಶಿಷ್ಯರಲ್ಲಿ ಒಬ್ಬರೂ ಆ ಪ್ರಯೋಗಾಲಯ ಸೇರಲಿಲ್ಲ ಎಂಬುದನ್ನು ಡಾ. ತೆರ್ಜಿಯಾನ್ ನಗುತ್ತಲೇ ಹೇಳುತ್ತಿದ್ದರೂ, ಅದು ಅವರನ್ನು ಕೊರೆಯುತ್ತಿತ್ತೆಂದು ನಾನು ಬಲ್ಲೆ. ಹತ್ತೊಂಬತ್ತು ವರ್ಷಗಳಲ್ಲಿ ಅವರ ಕೈಯಿಂದ ಹೊರಬಂದ ಶಿಕ್ಷಕರು ನಾನೂರು ಚಿಲ್ಲರೆ. ಗೋಡೆಯ ಮೇಲಿನ ಆ ಒಂದು ಸಾಲು ಮಾತ್ರ ಖಾಲಿ. ಕಳೆದ ವರ್ಷ ಒಮ್ಮೆ ಕಾಫಿ ಬಟ್ಟಲು ಕವುಚುತ್ತ ಅವರು ಮೆಲ್ಲಗೆ ಕೇಳಿದರು, "ಆ ಮಗೂನ ನಾವು ಮುಟ್ಟಲೇ ಇಲ್ವೇನೋ ಚೆಲಾ?" ತಮ್ಮದೇ ಬಟ್ಟಲನ್ನು ಅವರು ಎಂದೂ ನೋಡಿಕೊಳ್ಳುವುದಿಲ್ಲ. ಅವತ್ತು ನಾನೇ ತೆಗೆದು ನೋಡಿ, ದಾರಿ ಇದೆ ಎಂದೆ. ನನಗೆ ಕಂಡದ್ದು ಬರೀ ಗಸಿ.

ಈ ವರ್ಷ ಏಪ್ರಿಲ್ ತಿಂಗಳಲ್ಲಿ ಪ್ರಯೋಗಾಲಯದಿಂದ ಕರೆ ಬಂತು. ಆಗಸ್ಟಿನಲ್ಲಿ ನೌಕೆ ನೆಪ್ಚೂನನ್ನು ಹಾಯುತ್ತದೆ. ಕ್ಯಾಮೆರಾದ ಆಜ್ಞೆಗಳಿಗೆ ಮೊಹರು ಬೀಳುವ ಸಭೆಗೆ ತಾವು ಬರಬೇಕು. ಬರುವಾಗ ಹಳೆಯ ಕುರ್ಚಿಯನ್ನೂ ತಂದರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪ್ರದರ್ಶಿಸುತ್ತೇವೆ. ಕಾರು ನಾನು ಓಡಿಸಿದೆ. ಕುರ್ಚಿಯ ಮೇಲೆ ನನಗೆ ಅಷ್ಟು ಅಭಿಮಾನವಿದೆ.

ಅದೇ ಕೋಣೆ. ಗೋಡೆಯ ಕಾಗದ ಹಳದಿಯಾಗಿತ್ತು. ಅದರ ಮೇಲಿನ ಹೆಸರುಗಳಲ್ಲಿ ಅರ್ಧದಷ್ಟು ಜನ ಈಗಿಲ್ಲ. ಯೋಜನೆ ವಿವರಿಸಲು ಎದ್ದು ನಿಂತವಳು ಫ್ರೆಸ್ನೋ ಕಡೆಯ, ಆಗ್ನೇಯ ಏಷ್ಯಾದಿಂದ ವಲಸೆ ಬಂದ ಮೊಂಗ್ ಜನಾಂಗದ ಒಬ್ಬ ಹುಡುಗಿ, ಪಾ ನ್ಯಾ ಶಿಯೊಂಗ್. ಗಿಡ್ಡ ಆಳು, ಕಂಚಿನ ಕಂಠ. ನಿಯಮದ ಪ್ರಕಾರ ಕುರ್ಚಿಯಲ್ಲಿ ತಂಡಕ್ಕೆ ಸೇರದವರು ಕೂರಬೇಕು. ಎಲ್ಲರೂ ಅರಾಕ್ಸಿ ಅವರತ್ತ ನೋಡಿದರು. ಮೂವತ್ತು ವರ್ಷ ಅದರ ಮುಂದೆ ನಿಂತವರು, ಹತ್ತೊಂಬತ್ತು ವರ್ಷ ಅದರಲ್ಲಿ ಬೇರೆಯವರನ್ನು ಕೂರಿಸಿದವರು, ಆ ಕೋಣೆಯಲ್ಲಿ ಮೊದಲ ಸಲ ಅದರಲ್ಲಿ ಕೂತರು. ಗಿಡ್ಡ ಕಾಲು ಟಕ್ಕೆಂದಿತು.

ಪಾ ನ್ಯಾ ಸಾಲು ಸಾಲಾಗಿ ಹೇಳುತ್ತ ಹೋದಳು. ಅರಾಕ್ಸಿ ಎಂಟೊಂಬತ್ತು ಕಡೆ ಯಾಕೆ ಎಂದರು; ಹುಡುಗಿ ಎಲ್ಲಿಯೂ ತಡವರಿಸಲಿಲ್ಲ. ಕಡೆಗೆ ಬೆರಳು ಒಂದು ಸಾಲಿನ ಮೇಲೆ ನಿಂತಿತು. ನಾಲ್ಕು ಗಂಟೆಯ ಮೇಲೆ ಕೆಲವು ನಿಮಿಷ ಕಳೆದಿದ್ದ ಸಾಲು ಅದು.

"ಯಾಕೆ?"

"ನೆಪ್ಚೂನಿಂದ ಬೆಳಕು ಬರೋಕೆ ಅಷ್ಟು ಹೊತ್ತು ಬೇಕು."

ಬೆರಳು ಎರಡು ಸಾಲು ಮೇಲಕ್ಕೆ ಸರಿಯಿತು. "ಯಾಕೆ?"

"ಇಲ್ಲಿ ಏನೂ ಕಳೆದಿಲ್ಲ ಮೇಡಂ," ಎಂದಳು ಪಾ ನ್ಯಾ. "ಬೇರೆ ವಿಭಾಗದೋರು ಇಲ್ಲೂ ಕಳೆದು ಕೊಟ್ಟಿದ್ರು. ಯಾಕೆ ಅಂತ ಕೇಳ್ದೆ. ಅವರಿಗೆ ಗೊತ್ತಿರಲಿಲ್ಲ, ಹಳೇ ಪದ್ಧತಿ ಅಂದ್ರು. ಅದಕ್ಕೆ ವಾಪಸ್ ಕಳಿಸಿ ತೆಗೆಸ್ದೆ. ಇಲ್ದಿದ್ರೆ ಎರಡು ಸಲ ಆಗ್ತಿತ್ತು."

ಕುರ್ಚಿಯಲ್ಲಿ ಕೂತವರು ಒಂದು ಪದಕ್ಕಿಂತ ಹೆಚ್ಚು ಆಡಬಾರದೆಂಬ ಕಟ್ಟಳೆಯನ್ನು ಅರಾಕ್ಸಿ ಅವರೇ ಮುರಿದರು.

"ಹೋಕಿಸ್, ನಿಂಗೆ ಲೆಕ್ಕ ಹೇಳ್ಕೊಟ್ಟೋರು ಯಾರು?"

"ಯಾವಾಗ? ಯೂನಿವರ್ಸಿಟೀಲಾ?"

"ಚಿಕ್ಕೋಳಿದ್ದಾಗ."

"ಏಳನೇ ಕ್ಲಾಸಲ್ಲಿ ಮಿಸೆಸ್ ಟಟಮ್ ಅಂತ ಇದ್ರು."

ಅರಾಕ್ಸಿ ನನ್ನ ಮುಖ ನೋಡಿದರು. ನಾನು ತಲೆಯಲ್ಲಾಡಿಸಿದೆ. ನಮ್ಮ ನಾನೂರು ಹೆಸರುಗಳಲ್ಲಿ ಟಟಮ್ ಇಲ್ಲ. ಅವರ ಭುಜ ಸ್ವಲ್ಪ ಇಳಿದದ್ದು ನನಗೆ ಕಂಡಿತು. ಆಗ ಹುಡುಗಿ ಕುರ್ಚಿಯನ್ನೇ ದಿಟ್ಟಿಸುತ್ತ ನಕ್ಕಳು.

"ಅವರ ಹತ್ರಾನೂ ಇಂಥದ್ದೊಂದು ಇತ್ತು ಮೇಡಂ. ಕುರ್ಚಿ ಅಲ್ಲ, ಅಡುಗೆಮನೆ ಸ್ಟೂಲು. ಅದರ ಮೇಲೆ ಕೂತೋರು ಯಾಕೆ ಅಂತ ಮಾತ್ರ ಕೇಳ್ಬೇಕು. ಪಕ್ಕದ ಸ್ಕೂಲಿಗೆ ಲಾಸ್ ಏಂಜಲಿಸಿಂದ ಬಂದಿದ್ದ ಯಾರೋ ಟೀಚರನ್ನ ನೋಡಿ ಕಲ್ತಿದ್ದು ಅಂತಿದ್ರು. ಆ ಟೀಚರ್‌ಗೆ ಯಾರು ಕಲಿಸಿದ್ರೋ ಗೊತ್ತಿಲ್ಲ."

ಅರಾಕ್ಸಿ ತೆರ್ಜಿಯಾನ್ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಒಂದೊಂದು ಹೆಜ್ಜೆಯನ್ನೂ ವರ್ಷಗಟ್ಟಲೆ ಮೊದಲೇ ಲೆಕ್ಕ ಹಾಕಿಡುವ ಅವರಿಗೆ ತಾವು ಹಾಕದ ದಾರಿಯಲ್ಲಿ, ತಾವು ಕಾಣದವರ ಕೈ ದಾಟಿ, ತಮ್ಮದೊಂದು ಬಂದು ಮುಟ್ಟಿತ್ತು. ಅವರು ಎದ್ದು ಗೋಡೆಯ ಬಳಿ ಹೋಗಿ, ಖಾಲಿ ಬಿಟ್ಟಿದ್ದ ಜಾಗದ ಮೇಲೆ ಬೆರಳಿಟ್ಟು, ಹುಡುಗಿಯ ಕೈಗೆ ಪೆನ್ನು ಕೊಟ್ಟರು. ಪಾ ನ್ಯಾ ತನ್ನ ಹೆಸರು ಬರೆದಳು. ಆಮೇಲೆ ಪಕ್ಕದಲ್ಲಿದ್ದುದನ್ನು ಓದಿ, ಬೆರಳು ಮಡಿಸಿ ಲೆಕ್ಕ ಹಾಕಿ, "ಹೌದು, ಆಗ ನಂಗೆ ಒಂಬತ್ತೇ," ಎಂದಳು. ಪಕ್ಕಕ್ಕೆ ತಿರುಗಿದ ಅರಾಕ್ಸಿ ಸ್ಟ್ರೌಡ್ ಅವರ ಹೆಸರಿನ ಮುಂದೆ ನಿಂತು, ಫೋನ್ ಮಾಡಲು ನಂಬರಿಲ್ಲದ್ದಕ್ಕೆ, ಅರ್ಮೇನಿಯನ್ ಭಾಷೆಯಲ್ಲಿ ಏನೋ ಎರಡು ಮಾತು ಹೇಳಿದರು.

ಪ್ರದರ್ಶನ ವಿಭಾಗದವರು ಚೀ‌ಟಿ, ದಾರ ಹಿಡಿದು ಕುರ್ಚಿಗೆ ಕಾಯುತ್ತಿದ್ದರು. "ಗಾಜಿನೊಳಗಿಟ್ರೆ ಅದರ ಮೇಲೆ ಕೂರೋರು ಯಾರು?" ಎಂದು ಅರಾಕ್ಸಿ ಅದನ್ನು ಮತ್ತೆ ಕಾರಿಗೆ ಹೊರಿಸಿದರು. ಅದೀಗ ಪಕೋಯ್ಮಾದಲ್ಲಿ ನನ್ನ ಏಳನೇ ತರಗತಿಯ ಮುಂದಿದೆ. ದಿನಕ್ಕೊಬ್ಬರ ಸರದಿ; ಸರದಿಗಾಗಿ ಹೊಡೆದಾಟವೂ ಆಗುತ್ತದೆ.

ಆಗಸ್ಟಿನಲ್ಲಿ ನೌಕೆ ಹಾಯುವ ದಿನ ನಾವೆಲ್ಲ ಆ ಬೆಟ್ಟದ ಬುಡದಲ್ಲಿ ಸೇರುತ್ತೇವೆ. ಚಿತ್ರ ಹೇಗೆ ಬರುತ್ತದೋ ಈ ಸಾಲು ಬರೆಯುವಾಗ ನನಗೆ ಗೊತ್ತಿಲ್ಲ. ಕ್ಯಾಮೆರಾ ಯಾರ ಕೈಯಲ್ಲಿದೆ ಎಂಬುದು ಗೊತ್ತಿದೆ, ಅಷ್ಟು ಸಾಕು. ಅದೇ ಗೋಡೆಯ ಇನ್ನೊಂದು ಬದಿಯಲ್ಲಿ ಪಾ ನ್ಯಾಳ ತಂಡ ಹೊಸ ಕಾಗದ ಅಂಟಿಸಿದೆ: ಇನ್ನೂ ದೂರದ ಮತ್ತೊಂದು ದಾರಿ, ತಲುಪುವುದು ಇಪ್ಪತ್ತಮೂರು ವರ್ಷಕ್ಕೆ. ಗೌರವಕ್ಕಾಗಿ ಏಪ್ರಿಲ್ ಸಭೆಯ ದಿನವೇ ಅದರಲ್ಲಿ ಅರಾಕ್ಸಿ ಅವರ ಹೆಸರನ್ನೂ ಸೇರಿಸಿ, ವಯಸ್ಸು ಬರೆಯಲು ಕೊಟ್ಟರು. ಅವರು ತಮ್ಮ ಗುರುವಿನ ಮಾತನ್ನೇ ಬರೆದರು: "ಇರಲ್ಲ, ಆದ್ರೆ ಫೋನ್ ಮಾಡಿ."

ಅವರು ಕಾರಿನ ಕಡೆ ಹೋದಾಗ ನಾನು ಹಿಂದೆ ಉಳಿದು, ಪ್ರಯೋಗಾಲಯದ ಕಾಗದದ ಮೇಲೆ ನನಗೆ ಏನೂ ಅಧಿಕಾರವಿಲ್ಲದಿದ್ದರೂ, ಅದನ್ನು ಹೊಡೆದುಹಾಕಿ ತೊಂಬತ್ತೆಂಟು ಎಂದು ಬರೆದು ಬಂದಿದ್ದೇನೆ. ಈ ಲೇಖನ ಓದಿದ ಮೇಲೆ ಅವರಿಗೆ ಅದು ತಿಳಿಯುತ್ತದೆ. ಯಾಕೆ ಎಂದು ಕೇಳಿಯೇ ಕೇಳುತ್ತಾರೆ. ಅವರ ಮುಂದೆ ಅದು ಹಾಗೇ ಎನ್ನಲು ಬರುವುದಿಲ್ಲವಾದ್ದರಿಂದ ಉತ್ತರವನ್ನು ಇಲ್ಲೇ ಬರೆದಿಡುತ್ತೇನೆ. ಡಾಕ್ಟರ್, ಆ ದಿನ ಕ್ಯಾಮೆರಾ ಹಿಡಿಯುವವರು ಇನ್ನೂ ನನ್ನ ತರಗತಿಯಷ್ಟಕ್ಕೂ ಬೆಳೆದಿಲ್ಲ. ಅವರಿಗೆ ಲೆಕ್ಕ ಹೇಳಿಕೊಟ್ಟವರು ಯಾರು ಎಂದು ಕೇಳಲು ನೀವು ಅಲ್ಲಿ ಇರಬೇಕು.